ಆಣೆ ಮಾಡಿಸಿ ಕೊಟ್ಟ ಸೊಪ್ಪು

ಮೊನ್ನೆ ಕುಂಡದ ಕಳೆ ಕೀಳುವಾಗ ನೆಲನೆಲ್ಲಿಯ ಗಿಡವೊಂದು ಕೈಗೆ ಬಂತು. ಬೆರಳಲ್ಲಿ ಹಿಸುಕಿ ಮೂಸಿದೆ. ಮಧುಗಿರಿಯಲ್ಲಿ ನಮ್ಮ ವಠಾರದ ಒರಳುಕಲ್ಲಿಗೆ ತಿಂಗಳುಗಟ್ಟಲೆ ಮೆತ್ತಿಕೊಂಡಿದ್ದ ಅದೇ ಹಸಿ ವಾಸನೆ... ಪಕ್ಕದ ಮನೆಯ ಅಕ್ಕ ನೆನಪಾದರು.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಬೆಟ್ಟದ ಬುಡದ ಆ ವಠಾರಕ್ಕೆ ಬಂದಾಗ ನನಗೆ ಸಾರಿಗೆ ಹುಳಿ ಎಷ್ಟು ಹಾಕಬೇಕೆಂದೂ ಗೊತ್ತಿರಲಿಲ್ಲ. ಅಕ್ಕ ಗೋಡೆಯಾಚೆಯಿಂದಲೇ ಹೇಳಿಕೊಡುತ್ತಿದ್ದರು. ಅವರ ಗಂಡ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು, ಮನೆಯಲ್ಲೂ ಪಾಠ ನಿಲ್ಲಿಸದ ಮನುಷ್ಯ. ಒಬ್ಬಳೇ ಮಗಳು, ಆಗಿನ್ನೂ ತೊದಲು ಮಾತು.

ಅಕ್ಕನಿಗೆ ಕ್ಷಯ ಅಂಟಿತು. ಆಸ್ಪತ್ರೆಯ ಮಾತ್ರೆಯಿಂದ ಕೆಮ್ಮು ತಗ್ಗಿತು, ಆದರೆ ಕಣ್ಣು ಹಳದಿಯಾಯಿತು. ಮಾತ್ರೆಯೇ ಲಿವರ್ ಕೆಡಿಸುತ್ತಿದೆ ಎಂದು ಡಾಕ್ಟರು ನಿಲ್ಲಿಸಿದರು. ನಿಲ್ಲಿಸಿದರೆ ಕೆಮ್ಮು, ಮತ್ತೆ ಶುರು ಮಾಡಿದರೆ ಕಾಮಾಲೆ. ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುತ್ತಾರೆ. ಮಾತ್ರೆಯ ಜೊತೆಗೇ ಸೊಪ್ಪನ್ನೂ ಕೊಟ್ಟರೆ ಲಿವರ್ ಉಳಿಯಬಹುದಲ್ಲ, ಪರೀಕ್ಷೆ ಮಾಡಿಯೇ ಬಿಡೋಣ ಎಂದರು ಮೇಷ್ಟ್ರು. ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದರು. ಆದರೆ ಸೊಪ್ಪನ್ನು ನಾವೇ ಕಿತ್ತು ತಿಂದರೆ ನಾಟುವುದಿಲ್ಲ, ಕೊಡುವವರ ಕೈಯಿಂದಲೇ ಬರಬೇಕೆಂದು ಅಕ್ಕ ಹಟ ಹಿಡಿದರು.

ಕೊರಟಗೆರೆ ಕಡೆಯಿಂದ ಸೊಪ್ಪು ಕೊಡುವ ಅಜ್ಜಿ ಬಂದಳು. ಆಣೆ ಮಾಡಿಸದೆ ಅವಳು ಯಾರಿಗೂ ಸೊಪ್ಪು ಕೊಡುತ್ತಿರಲಿಲ್ಲ. ಮಗುವನ್ನು ಕರೆಸಿ ಅದರ ತಲೆಯ ಮೇಲೆ ಅಕ್ಕನ ಕೈ ಇಡಿಸಿದಳು.

"ನನ್ನ ಸೊಪ್ಪು ತಿನ್ನೋಗಂಟ ಇಂಗ್ಲೀಷ್ ಔಸ್ದಿ ಮುಟ್ಟಂಗಿಲ್ಲ ಕಣಮ್ಮ. ಮಗಿನ ಮ್ಯಾಲೆ ಆಣೆ."

"ಆಯ್ತು ಕಣಜ್ಜಿ," ಎಂದರು ಅಕ್ಕ.

ಅಜ್ಜಿ ಸೊಪ್ಪು ಕೊಟ್ಟು ಹೋದ ಮೇಲೆ ಮೇಷ್ಟ್ರು ನಕ್ಕುಬಿಟ್ಟರು. "ಬಾಯಿ ಮಾತು ತಾನೆ, ಬುಡು ಅತ್ಲಾಗೆ. ನೀನು ಮಾತ್ರೆ ನುಂಗು."

ಆಮೇಲೆ ದಿನಾ ಬೆಳಿಗ್ಗೆ ಅದೊಂದು ಶಾಸ್ತ್ರ. ಸೊಪ್ಪು ತಿನ್ನಿಸಿ, ಮಾತ್ರೆ ಕೈಗೆ ಕೊಟ್ಟು, ಅಕ್ಕನನ್ನು ಬಿಸಿಲಿಗೆ ನಿಲ್ಲಿಸಿ ಕಣ್ಣಿನ ರೆಪ್ಪೆ ಇಳಿಸಿ ನೋಡುತ್ತಿದ್ದರು. ಹಳದಿಯ ಸುಳಿವೇ ಇಲ್ಲ. ಮೇಷ್ಟ್ರು ಶಾಲೆಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಸಿಕ್ಕಸಿಕ್ಕವರಿಗೆಲ್ಲ ಸೊಪ್ಪು ಲಿವರ್ ಉಳಿಸಿತೆಂದು ಹೇಳಿಕೊಂಡು ತಿರುಗಿದರು. ನಾವೂ ನಂಬಿದೆವು. ಅಕ್ಕ ಮಾತ್ರ ಹೆಚ್ಚು ಮಾತಾಡುತ್ತಿರಲಿಲ್ಲ...

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ಸೆರಗಿನಲ್ಲಿ ರಕ್ತ ಕಂಡಿತು. ಮಾತ್ರೆ ನುಂಗಿಯೂ ಹೀಗೇಕೆ ಎಂದು ಮೇಷ್ಟ್ರು ಕಂಗಾಲಾಗಿ ಕೂತಿದ್ದಾಗ, ಗಂಜಿ ಕೊಡಲು ಹೋಗಿದ್ದ ನನ್ನೆದುರೇ ಅಕ್ಕ ಹೇಳಿದರು.

"ನುಂಗ್ಲಿಲ್ಲ ಕಣ್ರೀ. ಎಲ್ಲಾ ಬಚ್ಚಲಿಗೆ ಉಗುಳ್ತಿದ್ದೆ. ಮಗಿನ ಮೇಲೆ ಆಣೆ ಮಾಡ್ಬುಟ್ಟಿದ್ದೆ, ಹೆಂಗೆ ನುಂಗ್ಲಿ?"

ಮೇಷ್ಟ್ರು ಬೈಯಲಿಲ್ಲ. ಮಾತ್ರೆಯೇ ಒಳಗೆ ಹೋಗದವರ ಕಣ್ಣನ್ನು ಅಷ್ಟು ದಿನ ನೋಡಿ ಹಿಗ್ಗಿದ್ದರು ಪಾಪ. ಅಜ್ಜಿಯ ಸೊಪ್ಪು ನಿಲ್ಲಿಸಿ ಮಾತ್ರೆ ಶುರು ಮಾಡಿಸಿದರು, ಆದರೆ ರೋಗ ಕೈಮೀರಿತ್ತು. ದೀಪಾವಳಿಗೆ ಮುಂಚೆಯೇ ಅಕ್ಕ ಹೋದರು. ಆ ಸೊಪ್ಪು ಲಿವರನ್ನು ಕಾಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಾಗಲೇ ಇಲ್ಲ.

ಅಕ್ಕನ ಮೇಲೆ ನನಗೆಂದೂ ಸಿಟ್ಟು ಬರಲಿಲ್ಲ. ಮೇಷ್ಟ್ರ ಮೇಲೆ ಬಂತು, ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಹೋಗಿಲ್ಲ. ತಮಗೆ ಬಾಯಿಮಾತಾದದ್ದು ಹೆಂಡತಿಗೂ ಹಾಗೇ ಎಂದುಕೊಂಡರಲ್ಲ...

ಮಗಳು ಸಿರಾದಲ್ಲಿ ಅಕ್ಕನ ತವರಿನಲ್ಲಿ ಬೆಳೆದಳು. ಈಗ ಅವಳಿಗೂ ಮೊಮ್ಮಕ್ಕಳು. ತಾಯಿಯ ಮುಖ ನೆನಪಿಲ್ಲ, ಅದಕ್ಕೇ ಆಗಾಗ ನನ್ನ ಹತ್ತಿರ ಬಂದು ಕೂರುತ್ತಾಳೆ. ಹೋದ ತಿಂಗಳು ಬಂದವಳು, "ಅಮ್ಮ ಮಾತ್ರೆ ನುಂಗ್ತಿರಲಿಲ್ಲ ಅಂತ ಅಪ್ಪ ಹೇಳ್ತಿದ್ರು. ಯಾಕೆ ಚಿಕ್ಕಮ್ಮ?" ಎಂದು ಕೇಳಿದಳು.

ನರೆತ ಆ ತಲೆಯನ್ನು ಒಂದು ಗಳಿಗೆ ನೋಡಿದೆ.

"ಕಹಿ ಇದ್ವು ಕಣಮ್ಮ," ಎಂದೆ. "ನುಂಗಕ್ಕಾಗ್ತಿರಲಿಲ್ಲ ಅವರಿಗೆ."