ಹದಿನಾರರಲ್ಲಿ ಇಲ್ಲದ ಬಣ್ಣ

ನಮ್ಮ ಚಿಕ್ಕಮ್ಮ ಹಲ್ಲು ಮಾಡುತ್ತಾಳೆ. ಕೀಳುವವಳಲ್ಲ, ತುಂಬುವವಳೂ ಅಲ್ಲ, ಮಾಡುವವಳು. ಯಾರಿಗಾದರೂ ಮುಂದಿನ ಹಲ್ಲು ಮುರಿದರೆ ಡಾಕ್ಟರು ಅದನ್ನು ಅರೆದು ಸಣ್ಣ ಗೂಟದ ಹಾಗೆ ಮಾಡಿ ಅಚ್ಚು ತೆಗೆಯುತ್ತಾರೆ. ಆ ಗೂಟದ ಮೇಲೆ ಕೂರುವ ಹಲ್ಲು ಹುಟ್ಟುವುದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಚಿಕ್ಕಮ್ಮನ ಬ್ರಶ್ಶಿನ ತುದಿಯಲ್ಲಿ. ಪಿಂಗಾಣಿ ಪುಡಿಗೆ ಒಂದೆರಡು ಹನಿ ನೀರು ಹಾಕಿ ಕಲಸಿ, ಸಾಸಿವೆಯಷ್ಟು ಸಾಸಿವೆಯಷ್ಟೇ ಪದರವಾಗಿ ಮೆತ್ತಿ, ಪೆಟ್ಟಿಗೆಯಂಥ ಫರ್ನೇಸಿನಲ್ಲಿ ಸುಟ್ಟು, ಹೊರಗೆ ತೆಗೆದು, ಮತ್ತೆ ಮೆತ್ತಿ, ಮತ್ತೆ ಸುಟ್ಟು. ಅದಾದ ಮೇಲಿನ ಕೆಲಸ ನೋಡುವುದೆಂದರೆ ನನಗೆ ಪ್ರಾಣ. ಅಷ್ಟು ಚೆಂದ ಮಾಡಿದ ಹಲ್ಲನ್ನು ಅವಳು ಬೇಕಂತಲೇ ಕೊಳೆ ಮಾಡುತ್ತಾಳೆ. ಒಂದು ಕೂದಲೆಳೆಯ ಬಿರುಕು, ಬುಡದಲ್ಲಿ ಕಾಫಿ ಕುಡಿದವರ ಕಂದು, ತುದಿಯಲ್ಲಿ ಸವೆದ ಹಾಗೆ ಬೂದು ನೆರಳು. ಪಕ್ಕದ ಹಲ್ಲಿನಲ್ಲಿ ಏನೇನು ಐಬು ಇದೆಯೋ ಅದೆಲ್ಲ ಇದರಲ್ಲೂ ಇರಬೇಕು.

"ಬರೀ ಬಿಳಿ ಹಲ್ಲು ಯಾರು ಬೇಕಾದ್ರೂ ಮಾಡ್ತಾರೆ ಕಣೆ," ಅನ್ನುತ್ತಾಳೆ. "ವಾಶ್‌ಬೇಸಿನ್ ಮಾಡೋರೂ ಮಾಡ್ತಾರೆ."

ಬಣ್ಣ ಹೊಂದಿಸುವುದಕ್ಕೆ ಅವಳ ಹತ್ತಿರ ಹದಿನಾರು ಮಾದರಿ ಹಲ್ಲುಗಳ ಪಟ್ಟಿ ಇದೆ, ಬಾಚಣಿಗೆಯ ಹಾಗೆ ಸಾಲಾಗಿ, ಒಂದೊಂದಕ್ಕೂ ಒಂದು ಅಕ್ಷರ ಒಂದು ಅಂಕಿ. ಹಲ್ಲು ಬೇಕಾದವರು ಬಂದರೆ ಚಿಕ್ಕಮ್ಮ ಮುಂದಿನ ಕೋಣೆಗೆ ಬಂದು ಅವರನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸುತ್ತಾಳೆ. ಲಿಪ್‌ಸ್ಟಿಕ್ ಇದ್ದರೆ ಒರೆಸಿಕೊಳ್ಳಲು ಹೇಳುತ್ತಾಳೆ. ಐದೇ ಸೆಕೆಂಡು ನೋಡಿ, ಮುಖ ತಿರುಗಿಸಿ ತನ್ನ ಬೂದು ಏಪ್ರನ್ ನೋಡಿ ಕಣ್ಣಿಗೆ ವಿರಾಮ ಕೊಟ್ಟು, ಮತ್ತೆ ಐದು ಸೆಕೆಂಡು. ಹೆಚ್ಚು ಹೊತ್ತು ಬಾಯಿ ತೆರೆಸುವ ಹಾಗಿಲ್ಲ, ಯಾಕೆಂದರೆ ತೆರೆದಿಟ್ಟ ಬಾಯಲ್ಲಿ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಇದು ನನಗೆ ಗೊತ್ತಾದ ದಿನ ನಾನು ಕನ್ನಡಿ ಮುಂದೆ ಬಾಯಿ ತೆರೆದು ನಿಂತು ಕಾಲೇಜಿಗೆ ಲೇಟಾಗಿ ಹೋದೆ.

ಅವಳದೇ ಹಲ್ಲಿನ ಬಣ್ಣ ಮಾತ್ರ ಆ ಹದಿನಾರರಲ್ಲಿ ಇಲ್ಲ. ಅಮ್ಮ ಮತ್ತು ಚಿಕ್ಕಮ್ಮ ಬೆಳೆದ ಬೀದಿಗೆ ಒಂದು ಬೋರ್‌ವೆಲ್ ಬಂದಿತ್ತು, ಅದರ ನೀರಿನಲ್ಲಿ ಫ್ಲೋರೈಡ್ ಇತ್ತು. ಬೋರ್‌ವೆಲ್ ಬರುವಷ್ಟರಲ್ಲಿ ಅಮ್ಮನ ಹಲ್ಲು ಹುಟ್ಟಿ ಮುಗಿದಿತ್ತು, ಚಿಕ್ಕಮ್ಮ ಇನ್ನೂ ಅಂಬೆಗಾಲಿಡುತ್ತಿದ್ದಳು. ಹಾಗಾಗಿ ಅವಳ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಚುಕ್ಕೆ, ಚುಕ್ಕೆಗಳ ಮಧ್ಯೆ ಅಡ್ಡಡ್ಡ ಕಂದು ಗೆರೆ, ಟೀ ಸೋಸುವ ಹಳೇ ಬಟ್ಟೆಯ ಹಾಗೆ. ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವವಳಲ್ಲ ಅವಳು. ನಕ್ಕರೆ ಅಷ್ಟೂ ಹಲ್ಲು ತೋರಿಸಿಯೇ ನಗುವುದು.

ಈ ವರ್ಷ ದೊಡ್ಡ ಡಾಕ್ಟರು ಬೆನ್ನುನೋವೆಂದು ಮನೆಯಲ್ಲಿ ಕೂತರು. ಅವರ ಮಗ ಬಂದರು. ಚಿಕ್ಕ ಡಾಕ್ಟರು ಕೆಟ್ಟವರೇನಲ್ಲ, ಆದರೆ ಬಂದವರೇ ಗೋಡೆಗೆ ಬಿಳಿ, ಕುರ್ಚಿಗೆ ಬಿಳಿ, ಪರದೆಗೆ ಬಿಳಿ, ಕೊನೆಗೆ ಹಲ್ಲು ಬಿಳಿ ಮಾಡುವ ಬೋರ್ಡು. ಒಂದು ದಿನ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರಂತೆ:

"ಹೊರಗೆ ಇಂಥ ಬೋರ್ಡ್ ಹಾಕ್ಕೊಂಡು, ಒಳಗೆ ನಮ್ಮೋರ ಹಲ್ಲೇ ಹೀಗಿದ್ರೆ ಯಾರು ನಂಬ್ತಾರೆ? ಎಲ್ಲರಿಗೂ ಫ್ರೀ ಮಾಡ್ಕೊಡ್ತೀನಿ. ತಿಂಗಳ ಕೊನೇ ಶನಿವಾರದೊಳಗೆ ಶುರು ಮಾಡ್ಲೇಬೇಕು. ಮಾಡ್ಕೊಳ್ಳದೇ ಇದ್ದೋರು ಪೇಷೆಂಟ್ ಮುಂದೆ ಬರೋದು ಬೇಡ."

ಹೇಳುವಾಗ ಅವರು ಚಿಕ್ಕಮ್ಮನ ಕಡೆ ನೋಡಲಿಲ್ಲವಂತೆ. ಮಿಕ್ಕವರೆಲ್ಲ ನೋಡಿದರಂತೆ.

"ನಾನು ಬರದೇ ಇದ್ರೆ ಬಣ್ಣ ಯಾರು ನೋಡ್ತಾರೆ ಡಾಕ್ಟ್ರೇ?"

"ಫೋಟೋ ತೆಗೆದು ಕಳಿಸ್ತೀನಕ್ಕ. ನಾಳೆಯಿಂದಲೇ ಟ್ರೈ ಮಾಡೋಣ."

ಮಾಡಿದರು. ಒಬ್ಬ ಬಸ್ ಕಂಡಕ್ಟರರ ಹಲ್ಲು ಫೋಟೋ ನೋಡಿ ಮಾಡಿದ್ದು ಮೂರು ಸಲ ವಾಪಸ್ಸು ಬಂತು. ಕ್ಲಿಪ್ ಹಾಕಿ ತುಟಿ ಎಳೆದು, ಲೈಟು ಬಿಟ್ಟು, ಹಲ್ಲು ಒಣಗಿದ ಮೇಲೆ ತೆಗೆದ ಫೋಟೋ ಅದು. ಹದಿನಾರರಲ್ಲಿ ಯಾವುದಕ್ಕೆ ಹೊಂದಿಸಿದರೂ ಬಾಯಿಗೆ ಹೊಂದುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಚಿಕ್ಕಮ್ಮ ಮಾಡಿದ ಹಲ್ಲು ಮೂರು ಸಲ ವಾಪಸ್ಸು ಬಂದದ್ದು ಅದೇ ಮೊದಲು.

ಮೂರನೇ ಸಲ ವಾಪಸ್ಸು ಬಂದ ಸಂಜೆ ನಮ್ಮ ಅಡುಗೆಮನೆಯಲ್ಲಿ ಪಂಚಾಯ್ತಿ.

"ಫ್ರೀ ಅಂದ್ರೆ ನಾನಾಗಿದ್ರೆ ಅವತ್ತೇ ಹೋಗಿ ಬಾಯಿ ತೆಕ್ಕೊಂಡು ಕೂತ್ಬಿಡ್ತಿದ್ದೆ," ಅಂದಳು ಅಮ್ಮ.

"ನೀನು ಬಾಯಿ ತೆಗೆಯೋಕೆ ಫ್ರೀ ಬೇರೆ ಬೇಕಾ ಅಕ್ಕ?"

"ತಮಾಷೆ ಸಾಕು. ಹಲ್ಲಿನ ಬಣ್ಣಕ್ಕೋಸ್ಕರ ಇಷ್ಟು ವರ್ಷದ ಕೆಲಸ ಬಿಡ್ತೀಯಾ?"

"ಬಿಡು ಅಂದಿಲ್ಲ. ಒಳಗೇ ಇರು ಅಂದಿದಾರೆ."

"ಒಳಗಿದ್ರೆ ಏನು ಗಂಟು ಹೋಗುತ್ತೆ? ಸಂಬಳ ಅದೇ ತಾನೇ?"

"ಮುಖ ನೋಡದೆ ಮಾಡಿದ್ರೆ ಆರು ತಿಂಗಳಲ್ಲಿ ನನ್ನ ಕೈ ಕೆಡುತ್ತೆ," ಅಂದಳು ಚಿಕ್ಕಮ್ಮ, ಈ ಸಲ ನಗದೆ. "ಆಮೇಲೆ ಅವರೇ ಹೇಳ್ತಾರೆ, ಅಕ್ಕನಿಗೆ ವಯಸ್ಸಾಯ್ತು, ಬಣ್ಣ ಗೊತ್ತಾಗಲ್ಲ ಅಂತ."

"ಹಾಗಾದ್ರೆ ಬೆಳ್ಳಗೆ ಮಾಡಿಸ್ಕೊಂಡು ಮುಂದೆ ನಿಂತ್ಕೊ. ಯಾರು ಬೇಡ ಅಂದ್ರು?"

ಚಿಕ್ಕಮ್ಮ ಎದ್ದಳು. ಲೋಟ ತೊಳೆದಿಟ್ಟು ಮಹಡಿ ಮೇಲಿನ ತನ್ನ ಮನೆಗೆ ಹೋದಳು.

ಮುಂದಿನ ದಿನಗಳಲ್ಲಿ ಕ್ಲಿನಿಕ್ಕಿನವರಿಗೆಲ್ಲ ಟ್ರೇ ಮಾಡಿದವಳೂ ಅವಳೇ. ಅಂದರೆ ಅವರವರ ಹಲ್ಲಿನ ಗಾರೆಯ ಅಚ್ಚಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಕಾಯಿಸಿ ಕೂರಿಸಿ ಅಂಚು ಕತ್ತರಿಸುವುದು. ಅದರೊಳಗೆ ಬಿಳಿ ಮಾಡುವ ಜೆಲ್ ಹಾಕಿ ಹಲ್ಲಿಗೆ ತೊಡಿಸಿಕೊಳ್ಳಬೇಕು. ರಿಸೆಪ್ಷನ್ ಹುಡುಗಿ ಮೊದಲು ಮಾಡಿಕೊಂಡಳು. ಚಿಕ್ಕಮ್ಮ ಅವಳಿಗೆ ಅವತ್ತಿಂದ ಟ್ಯೂಬ್‌ಲೈಟ್ ಎಂದೇ ಹೆಸರಿಟ್ಟಳು.

"ಅಕ್ಕಾ, ತಣ್ಣೀರು ಬಿಡಿ, ಉಸಿರು ಎಳ್ಕೊಂಡ್ರೂ ಹಣೆ ತನಕ ಜುಂ ಅನ್ನುತ್ತೆ," ಅಂದಳು ಟ್ಯೂಬ್‌ಲೈಟ್. "ಆದ್ರೂ ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ ಮಗಾ. ಉಸಿರಾಡಬೇಡ ಅಷ್ಟೆ."

ಕೊನೇ ಶನಿವಾರಕ್ಕೆ ಎರಡು ದಿನ ಇದೆ ಎನ್ನುವಾಗ ನಾನು ಕಾಲೇಜು ಮುಗಿಸಿ ಕ್ಲಿನಿಕ್ಕಿಗೆ ಹೋದೆ. ನೋಡಿದರೆ ಮೇಜಿನ ಮೇಲೆ ಅವಳದೇ ಬಾಯಿಯ ಅಚ್ಚು. ಗಾರೆಯಲ್ಲಿ ಎರಕ ಹೊಯ್ದದ್ದು, ಅಷ್ಟೂ ಹಲ್ಲು ಅಪ್ಪಟ ಬಿಳಿ.

"ನೋಡೇ, ಹೀಗೆ ಕಾಣ್ತೀನಿ."

"ಚೆನ್ನಾಗಿದೆ ಚಿಕ್ಕಮ್ಮ," ಅಂದೆ. ಸುಳ್ಳಲ್ಲ, ಚೆನ್ನಾಗಿಯೇ ಇತ್ತು.

ಅವಳು ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ಚೆನ್ನಾಗಿದೆ. ಯಾರದು ಅಂತ ಗೊತ್ತಾಗ್ತಿಲ್ಲ ಅಷ್ಟೆ." ಹಾಗೆ ಅಂದರೂ ಪ್ಲಾಸ್ಟಿಕ್ ಹಾಳೆ ಕಾಯಿಸಿ ಅದರ ಮೇಲೆ ಕೂರಿಸಿಯೇಬಿಟ್ಟಳು. ಅಂಚು ಕತ್ತರಿಸಲಿಲ್ಲ. "ಶನಿವಾರ ನೋಡೋಣ."

ಶನಿವಾರ ನನಗೆ ಅರ್ಧ ದಿನ. ಹೋದಾಗ ಚಿಕ್ಕಮ್ಮನ ಕೈಯಲ್ಲಿ ಕತ್ತರಿ, ಟ್ರೇಯ ಅಂಚಿಗೆ ಇಟ್ಟಿದ್ದಾಳೆ, ಕತ್ತರಿಸುತ್ತಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಮುಂದಿನ ಕೋಣೆಯ ಕುರ್ಚಿಯಲ್ಲಿ ಒಬ್ಬರು ಸ್ಕೂಲ್ ಟೀಚರ್, ಬಾಯಿಗೆ ಕರ್ಚೀಫು. ಶಾಲೆಯ ಮೆಟ್ಟಿಲಲ್ಲಿ ಜಾರಿ ಮುಂದಿನ ಹಲ್ಲು ಮುರಿದುಕೊಂಡಿದ್ದರು. ಕರ್ಚೀಫು ತೆಗೆದಾಗ ನೋಡಿದೆ, ಚಿಕ್ಕಮ್ಮನ ಹಲ್ಲಿನ ಹಾಗೆಯೇ ಚುಕ್ಕೆ, ಗೆರೆ, ಎಲ್ಲ.

"ಇಂಥ ಕಲೆಗೆ ಹೊಂದೋ ಹಲ್ಲು ಮಾಡೋಕಾಗಲ್ಲ ಮೇಡಂ," ಅನ್ನುತ್ತಿದ್ದರು ಚಿಕ್ಕ ಡಾಕ್ಟರು. "ಮೊದಲು ಎಲ್ಲಾ ಬೆಳ್ಳಗೆ ಮಾಡಿಸ್ಕೊಳ್ಳಿ, ಆಮೇಲೆ ಬಿಳಿದೇ ಒಂದು ಕೂರಿಸೋಣ."

"ನನಗೆ ಬಿಳಿ ಬೇಡ ಡಾಕ್ಟ್ರೇ. ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳ ಹಲ್ಲು ಹೀಗೇ ಇದೆ. ನಾನು ಮಿಂಚಿಸ್ಕೊಂಡು ಹೋಗಿ ಅವರ ಮುಂದೆ ನಿಂತ್ರೆ ಅವಕ್ಕೆ ಹೇಗಿರುತ್ತೆ? ಹೋಗಿದ್ದು ಒಂದು, ಒಂದೇ ಹಾಕಿಕೊಡಿ."

"ಹಾಕಿದ್ರೆ ಎದ್ದು ಕಾಣುತ್ತೆ."

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. ನಾನು ಏನು ಎತ್ತ ಎಂದು ಕೇಳುವುದರೊಳಗೆ ಅವಳು ಬಾಗಿಲು ದಾಟಿ, ಸ್ಟೂಲ್ ಎಳೆದುಕೊಂಡು, ಟೀಚರ್ ಎದುರಿಗೆ ಕೂತಾಗಿತ್ತು.

"ಅಕ್ಕ, ನೀವು ಒಳಗೆ..."

"ಒಂದು ನಿಮಿಷ ಡಾಕ್ಟ್ರೇ." ಟೀಚರ್ ಕಡೆ ತಿರುಗಿದಳು. "ನನ್ನ ಬಾಯಿ ನೋಡಿ. ಮೇಲಿನ ಆರು ಹಲ್ಲಲ್ಲಿ ಒಂದು ನಂದಲ್ಲ, ನಾನೇ ಮಾಡಿ ಹಾಕಿಸ್ಕೊಂಡಿದ್ದು. ಯಾವುದು ಹೇಳಿ." ಎಂದು ಅಷ್ಟೂ ಹಲ್ಲು ಕಿರಿದಳು.

ಇದು ನನಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ಬಾಯಿ ಅದು. ಟೀಚರ್ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಈ ಕಡೇದು. ಅಲ್ಲ, ಇರಿ. ಎಲ್ಲಾ ಒಂದೇ ಥರ ಹಾಳಾಗಿದೆಯಲ್ರೀ."

"ಅದೊಂದನ್ನ ಹಾಗೆ ಹಾಳು ಮಾಡೋಕೆ ಎಂಟು ದಿನ ಹಿಡೀತು."

ಟ್ಯೂಬ್‌ಲೈಟ್ ಎದ್ದು ಬಂದು ನೋಡಿದಳು, ಯಾವುದೋ ಒಂದನ್ನು ತೋರಿಸಿದಳು, ತಪ್ಪಾಯಿತು. ಚಿಕ್ಕಮ್ಮ ಚಿಕ್ಕ ಡಾಕ್ಟರ ಕಡೆಗೂ ಮುಖ ತಿರುಗಿಸಿದಳು.

"ನೀವೂ ಹೇಳಿ. ಮುಟ್ಟಬಾರದು, ಕನ್ನಡಿ ಹಿಡೀಬಾರದು. ನಾಲ್ಕು ಜನ ನೋಡೋ ಹಾಗೆ ನೋಡಿ."

ಪೇಷೆಂಟ್ ಎದುರಿಗೆ ಕೇಳಿದ್ದರಿಂದ ಅವರು ನೋಡಲೇಬೇಕಾಯಿತು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ.

"ಬಲಗಡೆ ಮುಂದಿನದು," ಅಂದರು.

"ಅದು ನಮ್ಮಮ್ಮ ಕೊಟ್ಟಿದ್ದು."

ಟೀಚರ್ ಮುರಿದ ಹಲ್ಲನ್ನೂ ಮರೆತು ನಕ್ಕುಬಿಟ್ಟರು. "ಇವರು ಮಾಡೋದಾದ್ರೆ ಮಾಡಿಸ್ತೀನಿ," ಅಂದರು. "ಇಲ್ಲಾಂದ್ರೆ ಹೀಗೇ ಇರ್ತೀನಿ."

ಅವರು ಹೋದ ಮೇಲೆ ಚಿಕ್ಕ ಡಾಕ್ಟರು ಹಿಂದಿನ ಕೋಣೆಗೆ ಬಂದರು. ಕೋಪ ಇತ್ತು, ಆದರೆ ಕೇಳಿದ್ದು ಬೇರೆ.

"ಯಾವಾಗ ಹಾಕಿಸ್ಕೊಂಡಿದ್ದು?"

"ನೀವಿನ್ನೂ ಚಡ್ಡಿ ಹಾಕ್ಕೊಂಡು ಇಲ್ಲಿ ಓಡಾಡ್ತಿದ್ರಿ. ಬಸ್ಸಿನ ಕಂಬಿಗೆ ಬಡಿದು ಮುರಿದಿತ್ತು. ನಿಮ್ಮ ತಂದೇನೇ ಕೂರಿಸಿದ್ದು." ಅವಳು ಕತ್ತರಿಸದ ಟ್ರೇ ಎತ್ತಿ ಕಸದ ಡಬ್ಬಿಗೆ ಹಾಕಿದಳು. "ಪಿಂಗಾಣಿ ನಿಮ್ಮ ಜೆಲ್ಲಿಗೆ ಬಗ್ಗಲ್ಲ ಡಾಕ್ಟ್ರೇ. ಮಿಕ್ಕಿದ್ದೆಲ್ಲ ಬೆಳ್ಳಗಾದ್ರೆ ಇದೊಂದು ಹಾಗೇ ಉಳಿಯುತ್ತೆ."

"ಅದಕ್ಕೇನಕ್ಕ, ಅದನ್ನ ತೆಗೆದು ಹೊಸದು ಹಾಕಿದ್ರಾಯ್ತು."

"ಯಾರು ಮಾಡ್ತಾರೆ?"

ಅವರು ಕಸದ ಡಬ್ಬಿಯಲ್ಲಿದ್ದ ಟ್ರೇ ಕಡೆ ನೋಡಿದರು.

"ನಾನಂತೂ ಮಾಡಲ್ಲ. ನನ್ನ ಕೈಯಲ್ಲಿ ಆಗಿರೋ ಒಳ್ಳೇ ಕೆಲಸ ಅಂದ್ರೆ ಇದೇ. ಇದನ್ನ ತೆಗೆಸಿ, ವಾಶ್‌ಬೇಸಿನ್ ಥರದ್ದೊಂದು ಹಾಕ್ಕೊಂಡು, ಆಮೇಲೆ ಪೇಷೆಂಟ್ ಮುಂದೆ ನಿಂತು ನಿಮ್ಮ ಹಲ್ಲಿಗೆ ಹೊಂದೋ ಹಾಗೆ ಮಾಡ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಬೇಡ ಅಂದ್ರೆ ಬೇಡ ಅನ್ನಿ, ಹೋಗ್ತೀನಿ. ಇರ್ಲಿ ಅಂದ್ರೆ ಮುಂದೆ ಬರ್ತೀನಿ, ಈ ಬಾಯಲ್ಲೇ ಬರ್ತೀನಿ. ಒಳಗೇ ಕೂರೋದು ಮಾತ್ರ ಆಗಲ್ಲ."

"ಸೋಮವಾರ ಮಾತಾಡೋಣ," ಅಂದರು ಅವರು.

ದಾರಿಯುದ್ದಕ್ಕೂ ನಾನು ಯಾವುದು, ಯಾವುದು ಎಂದು ಪೀಡಿಸಿದೆ. ಹೇಳಲಿಲ್ಲ. "ಹೇಳಿದ್ರೆ ನೀನು ಅದನ್ನೇ ನೋಡ್ಕೊಂಡು ಮಾತಾಡ್ತೀಯ." ಮನೆಗೆ ಬಂದು ಅಮ್ಮನನ್ನು ಕೇಳಿದರೆ, ಅಮ್ಮ ಬಹಳ ಖಚಿತವಾಗಿ ಎಡಗಡೆಯದನ್ನು ತೋರಿಸಿದಳು. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಊಟಕ್ಕೆ ಕೂತಾಗ ಅಮ್ಮ ಮೆಲ್ಲಗೆ, "ಹೋಗು ಅಂದ್ಬಿಟ್ರೆ?" ಎಂದು ಕೇಳಿದ್ದಕ್ಕೆ ಅವಳ ತುತ್ತು ಒಂದು ಕ್ಷಣ ತಟ್ಟೆಯಲ್ಲೇ ನಿಂತಿತು. "ಹೋಗ್ತೀನಿ," ಅಂದಳು.

ಸೋಮವಾರ ಯಾರೂ ಏನೂ ಮಾತಾಡಲಿಲ್ಲ. ಸ್ಕೂಲು ಶುರುವಾಗುವ ಮೊದಲೇ ಟೀಚರ್ ಬಂದರು. ಚಿಕ್ಕಮ್ಮ ಯಾರನ್ನೂ ಕೇಳದೆ ಮುಂದಿನ ಕೋಣೆಗೆ ಹೋಗಿ ಅವರನ್ನು ಕಿಟಕಿಯ ಕಡೆ ತಿರುಗಿಸಿದಳು. ಹದಿನಾರರ ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು, ಒಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಅವರ ಹಲ್ಲಿನ ನಕ್ಷೆ ಬರೆದುಕೊಂಡಳು. ಎಲ್ಲಿ ಚುಕ್ಕೆ, ಎಲ್ಲಿ ಗೆರೆ, ಗೆರೆ ಎಲ್ಲಿ ತೆಳ್ಳಗಾಗುತ್ತದೆ. ಚಿಕ್ಕ ಡಾಕ್ಟರು ಕೈ ತೊಳೆಯುತ್ತಾ ನೋಡಿದರಂತೆ. ನಲ್ಲಿ ತುಂಬಾ ಹೊತ್ತು ಹರಿಯಿತಂತೆ. ಇದು ಟ್ಯೂಬ್‌ಲೈಟ್ ಕೊಟ್ಟ ವರದಿ.

ಗುರುವಾರ ನಾನು ಹೋದಾಗ ಟೀಚರ್ ಹಲ್ಲು ಕೊನೇ ಸುಡುವಿಕೆಗೆ ಫರ್ನೇಸಿನಲ್ಲಿತ್ತು. ಚಿಕ್ಕಮ್ಮ ಅದರ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು. ಮುಂದಿನ ಕೋಣೆಗೆ ಹೊಸಬರು ಯಾರೋ ಬಂದರು. ಚಿಕ್ಕ ಡಾಕ್ಟರು ಬಾಗಿಲಲ್ಲಿ ತಲೆ ಹಾಕಿದರು.

"ಅಕ್ಕ, ಸ್ವಲ್ಪ ಬಂದು ಬಣ್ಣ ನೋಡ್ತೀರಾ?"

"ಐದು ನಿಮಿಷ," ಅಂದಳು ಚಿಕ್ಕಮ್ಮ, ಫರ್ನೇಸಿನಿಂದ ಕಣ್ಣು ತೆಗೆಯದೆ.

ಅವರು ತಲೆ ಹಿಂದಕ್ಕೆ ಎಳೆದುಕೊಂಡರು. ಹೊರಗೆ ಪೇಷೆಂಟಿಗೆ ಹೇಳುವುದು ನಮಗೂ ಕೇಳಿಸಿತು: "ಸ್ವಲ್ಪ ಕೂತಿರಿ. ನಮ್ಮಕ್ಕ ಬಂದು ನೋಡ್ಬೇಕು."