ತೊಟ್ಟಿಯಲ್ಲಿ ಅದ್ದಿದ ಸೊಳ್ಳೆಪರದೆ

ಹೊನ್ನಾಳಿಯಲ್ಲಿ ನಮ್ಮದು ಹಾಸಿಗೆ ಹೊಲಿಯುವ ಮನೆ. ನನ್ನ ಗಂಡ ಹತ್ತಿ ತುಂಬಿ ಹೊಲಿಯುತ್ತಾರೆ, ನಾನು ಮಾರುತ್ತೇನೆ. ಫೋಮಿನ ಹಾಸಿಗೆ ಬಂದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಆಗ ದಾವಣಗೆರೆಯ ಸಗಟು ವ್ಯಾಪಾರಿಯೊಬ್ಬರು ಔಷಧಿ ಹಾಕಿದ ಸೊಳ್ಳೆಪರದೆ ತೋರಿಸಿದರು. ಅದರ ಮೇಲೆ ಕೂತ ಸೊಳ್ಳೆ ಸಾಯುತ್ತದೆ, ಮಲೇರಿಯಾದ ಭಯವಿಲ್ಲ ಎಂದರು. ನನಗೆ ನಂಬಿಕೆ ಬರಲಿಲ್ಲ. ಮನೆಯಲ್ಲೇ ಒಂದು ಕಟ್ಟಿ ನೋಡಿದೆ. ಬೆಳಿಗ್ಗೆ ಹಾಸಿಗೆಯ ಸುತ್ತ ಸತ್ತ ಸೊಳ್ಳೆ ಗುಡಿಸಿದ ಮೇಲೆ ನಂಬಿದೆ.

ಮಾರುವುದು ಮಾತ್ರ ಸುಲಭವಿರಲಿಲ್ಲ. "ಜ್ವರ ಜಾಸ್ತಿ ಆದ್ರೆ ಸರ್ಕಾರದೋರೇ ಪುಕ್ಕಟೆ ಕೊಡ್ತಾರೆ, ನಾವ್ಯಾಕೆ ದುಡ್ಡು ಕೊಡಾಕೆ ಹೋಗಾನ?" ಎಂದು ನ್ಯಾಮತಿಯಲ್ಲಿ ಕೇಳಿದರು. ಜಗಳೂರಿನ ಕಡೆ ಸೆಕೆಗೆ ಜನ ಅಂಗಳದಲ್ಲಿ ಮಲಗುತ್ತಾರೆ, ಪರದೆ ಕಟ್ಟಲು ಗೋಡೆಯೇ ಇಲ್ಲ. ನನ್ನ ಗಂಡ ಯೋಚನೆ ಮಾಡಿ, ಮಂಚದ ಕಾಲಿಗೆ ಬಿದಿರುಕೋಲು ಕಟ್ಟಿ ಪರದೆ ಇಳಿಬಿಡುವಂತೆ ನಾಲ್ಕು ಮೂಲೆಗೂ ಗಟ್ಟಿ ಲಾಡಿ ಹೊಲಿದುಕೊಟ್ಟರು. ಆಮೇಲೆ ವ್ಯಾಪಾರ ಕುದುರಿತು. ಚನ್ನಗಿರಿಯ ಸಂಘದ ಹೆಂಗಸರು ಒಟ್ಟಿಗೆ ತೆಗೆದುಕೊಂಡರು. ಬಸ್ಸಿನಲ್ಲಿ ಕಂಡಕ್ಟರು ನನ್ನನ್ನು ಪರದೆ ಅಕ್ಕ ಎಂದೇ ಕರೆಯುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಗೋವಿನಕೋವಿಯಿಂದ ಫೋನು ಬಂತು. ಹತ್ತು ತಿಂಗಳ ಮಗುವಿಗೆಂದು ನನ್ನಿಂದ ಪರದೆ ಕೊಂಡಿದ್ದ ಅಲ್ಲಿನ ಒಂದು ಮನೆಯ ಸೊಸೆ ಅವಳು.

"ಅಕ್ಕಾ, ನಿಮ್ಮ ಪರದೆ ವಾಪಸ್ ತಗಂಡು ಹೋಗ್ರಿ. ಅದಕ್ಕೂ ಮೊದ್ಲು ಬಂದು ನಮ್ಮ ತೊಟ್ಟಿ ನೋಡ್ರಿ."

ಪರದೆ ಹರಿದಿರಬೇಕು ಎಂದುಕೊಂಡು ಸೂಜಿದಾರ ಚೀಲಕ್ಕೆ ಹಾಕಿಕೊಂಡು ಹೋದೆ. ಹಿತ್ತಿಲಲ್ಲಿ ದನ ನೀರು ಕುಡಿಯುವ ಸಿಮೆಂಟು ತೊಟ್ಟಿ. ಅದರ ತುಂಬ ಬೆರಳುಗುರಿನಷ್ಟು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ. ಮಗು ಉಚ್ಚೆ ಹೊಯ್ದಿತೆಂದು ಸೊಸೆ ಹಿಂದಿನ ಸಂಜೆ ಪರದೆಯನ್ನು ಅದೇ ತೊಟ್ಟಿಯಲ್ಲಿ ನೆನೆಹಾಕಿ ಹಿಂಡಿದ್ದಳಂತೆ.

ಅವಳ ಅತ್ತೆ ತೊಟ್ಟಿಯ ಪಕ್ಕ ಕುಳಿತಿದ್ದರು. "ಸೊಳ್ಳೆ ಮರಿ ತಿಂತಾವೆ ಅಂತ ಆಶಾ ಅಕ್ಕ ಬಿಟ್ಟಿದ್ದ ಮೀನಿವು. ದಿನಾ ಮುಂಜಾನೆ ಎದ್ದು ನೋಡ್ತಿದ್ದೆ. ಇಷ್ಟು ವಿಷ ಇರೋದನ್ನ ನನ್ನ ಮೊಮ್ಮಗನ ತಲಿ ಮ್ಯಾಲೆ ಕಟ್ಟಿಸಿದ್ಯಲ್ಲ ಬೂಬಮ್ಮ" ಎಂದರು. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ತೊಟ್ಟಿಯ ಅಂಚು ಹಿಡಿದು ನಿಂತೆ.

ಸೊಸೆ ಒಳಗಿನಿಂದ ಪರದೆಯ ಕವರು ತಂದು, "ಇದೇನು ಚಿತ್ರ ಅಕ್ಕಾ?" ಎಂದು ಬೆರಳಿಟ್ಟು ತೋರಿಸಿದಳು. ಒಂದು ಮೀನು, ಅದರ ಮೇಲೆ ಅಡ್ಡಗೀಟು. ಆ ಚಿತ್ರವನ್ನು ನಾನು ದಿನವೂ ನೋಡಿದವಳೇ. ಪರದೆಯಲ್ಲಿ ಮೀನು ಹಿಡಿಯಬೇಡಿ ಎಂದು ಅದರ ಅರ್ಥ ಅಂದುಕೊಂಡಿದ್ದೆ. ಹೊಳೆದಂಡೆಯ ಗಿರಾಕಿಗಳಿಗೆ ಹಾಗೆಂದು ನಗುತ್ತಾ ಹೇಳಿಯೂ ಇದ್ದೆ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದರು. ಕವರಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿ, "ಕೆರೆ, ಬಾವಿ, ತೊಟ್ಟಿಯಾಗೆ ತೊಳೀಬಾರ್ದು ಅಂತ ಐತೆ. ಪರದೆ ಕಟ್ಕೊಂಡು ಮಲಗೋ ಜನಕ್ಕೆ ಏನೂ ಆಗಲ್ಲ, ಮೀನಿಗೆ ತಡಕಣಾಕೆ ಆಗಲ್ಲ. ಬಕೆಟ್ಟಿನಾಗೆ ತೊಳ್ದು ಆ ನೀರು ಗುಂಡಿಗೆ ಹಾಕ್ಬೇಕು. ನೀವು ಇವ್ರಿಗೆ ಹೇಳ್ಲಿಲ್ವ?" ಎಂದು ಕೇಳಿದರು.

ಹೇಳಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಗ ನೆನಪಾಯಿತು. ಜಗಳೂರಿನ ಹತ್ತಿರ ಕೃಷಿಹೊಂಡದಲ್ಲಿ ಮೀನು ಸಾಕಿ ಮಾರುವ ಹೆಂಗಸೊಬ್ಬಳಿಗೆ ಪರದೆ ಮಾರಿದ್ದೆ. ಅಲ್ಲಿ ನೀರಿಗೆ ಕಷ್ಟ. "ಹೊಂಡದಾಗೇ ಅದ್ದಿ ತೆಗೀರಿ, ಕೊಡ ಹೊರೋದು ತಪ್ಪುತ್ತೆ" ಎಂದು ನಾನೇ, ಈ ಬಾಯಲ್ಲೇ, ಹೇಳಿ ಬಂದಿದ್ದೆ.

ಅವಳ ಫೋನು ನಂಬರು ನನ್ನಲ್ಲಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹೊರಟೆ. ದಾವಣಗೆರೆಯಲ್ಲಿ ಚಹಾ ಕೂಡ ಕುಡಿಯದೆ ಬಸ್ಸು ಬದಲಿಸಿದೆ. ಆ ಮನೆ ಮುಟ್ಟಿ, ಅವಳನ್ನು ಮಾತಾಡಿಸದೆ ನೇರ ಹೊಂಡದ ಹತ್ತಿರ ಹೋದೆ. ಮೀನುಗಳು ಓಡಾಡುತ್ತಿದ್ದವು. ಏರಿಯ ಮೇಲೆ ಕೂತೆ.

ಅವಳು ಹಿಂದೆಯೇ ಬಂದಳು. "ಯಾಕ್ರೀ ಅಕ್ಕಾ, ಏನಾತು?"

"ಪರದೆ ತೊಳದ್ಯೇನವ್ವಾ?"

"ತೊಳ್ಯಾದು ಎಲ್ಲಿ ಬಂತು, ಬಿಚ್ಚೇ ಇಲ್ಲ. ಮಗಳು ಹೆರಿಗೆಗೆ ಬಂದಾಗ ಹಾಕನ ಅಂತ ಟ್ರಂಕಿನಾಗೆ ಇಟ್ಟೀನಿ."

ನನಗೆ ಅಳು ಬಂತು. ನಾನು ಮಾರಿದ ಪರದೆಯನ್ನು ಬಳಸದೇ ಇದ್ದುದರಿಂದ ಅವಳ ಮೀನು ಉಳಿದಿದ್ದವು. ಅವಳೋ ಅಷ್ಟು ದಿನ ಸೊಳ್ಳೆ ಕಚ್ಚಿಸಿಕೊಂಡೇ ಮಲಗಿದ್ದಳು. ತೊಳೆಯುವ ಕ್ರಮ ಹೇಳಿ, ಮಗಳು ಬರುವವರೆಗೆ ಕಾಯಬೇಡ ಎಂದು ನಾನೇ ಮಂಚಕ್ಕೆ ಪರದೆ ಕಟ್ಟಿಬಂದೆ.

ಆಮೇಲೆ ಒಂದು ತಿಂಗಳು ಹೊಸ ಪರದೆ ಮಾರಲಿಲ್ಲ. ಕೊಂಡವರ ಮನೆಮನೆಗೂ ತಿರುಗಿ ತೊಳೆಯುವ ಕ್ರಮ ಹೇಳಿದೆ. ಚನ್ನಗಿರಿಯ ಸಂಘದವರಲ್ಲಿ ಅರ್ಧಕ್ಕರ್ಧ ಹೆಂಗಸರು ಮೀನಿನ ವಿಷಯ ಕೇಳಿದ್ದೇ ಪರದೆ ಮಡಚಿ ಕೈಗೆ ಕೊಟ್ಟರು. ಗೋವಿನಕೋವಿಯಲ್ಲಿ ತೊಟ್ಟಿ ತೊಳೆದು ಹೊಸ ನೀರು ತುಂಬಿದ ಮೇಲೆ ಆಶಾ ಕಾರ್ಯಕರ್ತೆ ಬೇರೆ ಮೀನು ತಂದು ಬಿಟ್ಟರು. ಸೊಸೆ ಮತ್ತೆ ಪರದೆ ಕಟ್ಟಿದ್ದಾಳೆ. ಅತ್ತೆ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ತಿಂಗಳ ನಂತರ ಮತ್ತೆ ಮಾರಲು ಹೊರಟಾಗ, ಬಸವಾಪಟ್ಟಣದಲ್ಲಿ ತುಂಬು ಬಸುರಿಯೊಬ್ಬಳು ಎಲ್ಲ ಕೇಳಿಸಿಕೊಂಡು, "ಕೂಸು ಪರದೆ ಬಾಯಿಗೆ ಹಾಕ್ಕಂಡ್ರೆ ಹೆಂಗೆ?" ಎಂದಳು.

"ನನಗೆ ಗೊತ್ತಿಲ್ಲ ತಾಯಿ. ಆಸ್ಪತ್ರೆ ನರ್ಸಮ್ಮನ್ನ ಕೇಳು" ಎಂದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಗಿರಾಕಿಯ ಮುಂದೆ ಗೊತ್ತಿಲ್ಲ ಎಂದದ್ದು ಅದೇ ಮೊದಲು. ಅವಳು ಏನೂ ಕೊಳ್ಳದೆ ಎದ್ದು ಹೋದಳು. ಎರಡು ವಾರದ ನಂತರ ಅವಳ ಗಂಡ ಹೊನ್ನಾಳಿಯ ಅಂಗಡಿಗೆ ಬಂದ. ಕೂಸಿನ ಕೈಗೆ ಸಿಗದ ಹಾಗೆ ಎತ್ತರಕ್ಕೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕೆಂದು ನರ್ಸಮ್ಮ ಹೇಳಿದ್ದರಂತೆ. ಉದ್ದದ ಪರದೆ ಇದೆಯೇ ಎಂದು ಕೇಳಿದ. ಇದ್ದುದರಲ್ಲಿ ಉದ್ದನೆಯದನ್ನು ಹುಡುಕಿ ಕೊಟ್ಟೆ.