ಸುಣ್ಣದ ಗೋಡೆಗೆ ಮೋರಿ ಕೆಸರು

ನಮ್ಮ ಚಾಮರಾಜಪೇಟೆ ಮನೆಗೆ ಮೊಣಕಾಲುದ್ದ ಮೋರಿ ನೀರು ನುಗ್ಗಿದ್ದು ಗೌರಿ ಹಬ್ಬದ ಹಿಂದಿನ ವಾರ. ಹೊಲಸಿನ ಮಧ್ಯೆ ಗೌರಿಯನ್ನು ಕೂರಿಸುವುದುಂಟೇ ಎಂದು ಅಮ್ಮ ಗೋಡೆ ತಿಕ್ಕಿ ಸುಣ್ಣ ಬಳಿಸಿದಳು. ಹಬ್ಬ ಮುಗಿದ ಮೇಲೆ, ಸರ್ಕಾರದ ಪರಿಹಾರಕ್ಕೆಂದು ಮನೆ ನೋಡಲು ಬಂದ ಆಸಾಮಿ ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ನಿಂತ.

“ನೀರು ಬಂದಿರೋ ಗುರುತೇ ಇಲ್ವಲ್ಲಮ್ಮ. ಫೋಟೋದಲ್ಲಿ ಕೆಸರು ಕಾಣ್ದಿದ್ರೆ ಅರ್ಜಿ ಪಾಸಾಗಲ್ಲ.”

“ಮನೆ ತೊಳ್ಕೊಂಡಿದ್ದು ತಪ್ಪಾ ಸ್ವಾಮಿ?” ಎಂದಳು ಅಮ್ಮ.

ಅವನು ನನ್ನತ್ತ ತಿರುಗಿ, “ಮೋರೀಲಿದ್ಯಲ್ಲ, ಒಂಚೂರು ತಂದು ಬಳಿದ್ಬಿಡಿ,” ಎಂದ.

ಥೂ, ಬಳಿದೆ. ಹೊಸ ಸುಣ್ಣದ ಮೇಲೆ, ಬರಿಗೈಯಲ್ಲಿ. ಅವನು ದೂರ ನಿಂತು, “ಇನ್ನೂ ಮೇಲಕ್ಕೆ, ಮೊಣಕಾಲಿನ ಮಟ್ಟಕ್ಕೆ,” ಎನ್ನುತ್ತ ಫೋಟೋ ತೆಗೆದುಕೊಂಡ.

ಕೆಸರು ಮುಟ್ಟಿದವನು ನಾನು. ಕೈ ತೊಳೆಯಲು ನೀರು ಕೇಳಿದವನು ಅವನು.